ಪಡುವಣಕ್ಕೆ ಅಕ್ಕ ಎಳೆದ ಗೆರೆ

ಮೊನ್ನೆ ಮೊಮ್ಮಗನ ಮಗಳು ತನ್ನ ಬಣ್ಣದ ಮೇಣದ ಕಡ್ಡಿಗಳನ್ನು ಕಿಟಕಿಯ ಕಟ್ಟೆಯ ಮೇಲೆ ಮರೆತು ಶಾಲೆಗೆ ಹೋಗಿದ್ದಳು. ಮಾರ್ಚಿ ತಿಂಗಳ ಬಿಸಿಲು. ಮಧ್ಯಾಹ್ನ ನೋಡಿದರೆ ಕೆಂಪು ಕಡ್ಡಿ ಕರಗಿ ಕಲ್ಲಿನ ಮೇಲೆ ಹರಿದಿತ್ತು. ಚಾಕು ತಂದು ಹೆರೆಯುತ್ತ ಕೂತೆ. ಬೆರಳಿಗೆ ಹತ್ತಿದ ಮೇಣವನ್ನು ಯಾಕೋ ಮೂಗಿನ ಹತ್ತಿರ ತಂದೆ... ಅಷ್ಟೆ. ಅರವತ್ತು ವರ್ಷ ಹಿಂದಿನ ಪಕ್ಕದ ಮನೆಯ ಊಟದ ಮೇಜು ಕಣ್ಣ ಮುಂದೆ ಬಂತು. ಮೇಜಿನ ತುಂಬ ಹಾಸಿದ ನಕ್ಷೆ, ಅದರ ಮೇಲೆ ಗಾಜಿನಂಥ ತೆಳು ಹಾಳೆ, ಆ ಹಾಳೆಯ ಮೇಲೆ ಕೆಂಪು ಮೇಣದ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದ ಒಂದು ಕೈ.

ಆ ಕೈಯನ್ನು ಜನ ಏನೇನೋ ಅಂದರು. ಗಂಡನನ್ನು ಕೊಂದ ಕೈ ಅಂತಲೂ ಅಂದರು. ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಕಂಡವರಲ್ಲಿ ಉಳಿದವಳು ನಾನೊಬ್ಬಳೇ. ಆದ್ದರಿಂದ ಕಂಡದ್ದನ್ನು ಬರೆದಿಡುತ್ತೇನೆ.

ನಾನು ಹುಳಿಮಾವಿನ ಹುಡುಗಿ. ಮದುವೆಯಾಗಿ ಜಯನಗರಕ್ಕೆ ಬಂದಾಗ ಅದಿನ್ನೂ ಅರ್ಧ ಊರು, ಅರ್ಧ ಹೊಲ. ರಸ್ತೆಗೆ ನಂಬರು ಬಿದ್ದಿತ್ತು, ರಸ್ತೆ ಬಿದ್ದಿರಲಿಲ್ಲ. ಖಾಲಿ ಸೈಟುಗಳಲ್ಲಿ ರಾಗಿ ತಾನಾಗಿಯೇ ಮೊಳೆಯುತ್ತಿತ್ತು. ನನ್ನ ಮಾವ ಯಡಿಯೂರಿನ ಒಕ್ಕಲು. ಅವರ ಹೊಲದ ಮೇಲೆಯೇ ಬಡಾವಣೆ ಎದ್ದಿತ್ತು. ಸರ್ಕಾರದವರು ಕೊಟ್ಟ ಪರಿಹಾರದಲ್ಲಿ ಮಾವ ಅಕ್ಕಪಕ್ಕ ಎರಡು ಮನೆ ಕಟ್ಟಿಸಿ, ಒಂದರಲ್ಲಿ ನಮ್ಮನ್ನು ಇಟ್ಟುಕೊಂಡು ಇನ್ನೊಂದನ್ನು ಬಾಡಿಗೆಗೆ ಕೊಟ್ಟಿದ್ದರು. ಆದರೆ ನಕ್ಷೆ ಹಿಡಿದುಕೊಂಡು ಬರುವವರನ್ನು ಕಂಡರೆ ಅವರಿಗೆ ಕೊನೆಯವರೆಗೂ ಆಗಲಿಲ್ಲ. "ನೆಲಾನೇ ಮುಟ್ದೆ ಕಾಗದದ್ ಮ್ಯಾಲೆ ಗೆರೆ ಎಳೀತಾರೆ. ಆ ಗೆರೆ ನನ್ ಬಾವಿ ಮ್ಯಾಲೇ ಬಂತು" ಎಂದು ಎಷ್ಟು ಸಲ ಹೇಳಿದ್ದರೋ.

ಅಂಥವರ ಮನೆಗೇ ನಕ್ಷೆಯ ದಂಪತಿಗಳು ಬಾಡಿಗೆಗೆ ಬಂದದ್ದು.

ದಾವಣಗೆರೆ ಕಡೆಯ ಶೈವರ ಮನೆತನ. ಗಂಡ ವಿಮಾನ ಹಾರಿಸುತ್ತಿದ್ದರು. ದೊಡ್ಡ ವಿಮಾನವಲ್ಲ, ನಾಲ್ಕು ಜನ ಕೂರುವ ಒಂಟಿ ಎಂಜಿನ್ನಿನ ಪುಟ್ಟ ವಿಮಾನ. ಬೆಂಗಳೂರಿನಲ್ಲೊಂದು ನೂಲಿನ ಮಿಲ್ಲು, ಮಂಗಳೂರಿನಲ್ಲೊಂದು ಹೆಂಚಿನ ಕಾರ್ಖಾನೆ ಇಟ್ಟುಕೊಂಡಿದ್ದ ಒಬ್ಬ ಸಾಹುಕಾರರ ಸ್ವಂತ ವಿಮಾನ ಅದು. ಎರಡು ಕಡೆಗೂ ಓಡಾಡಲು ಕೊಂಡಿದ್ದರು. ಹೆಂಡತಿ ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ಗಣಿತದಲ್ಲಿ ಬಿ.ಎ. ಮಾಡಿದ್ದರು, ಮಕ್ಕಳಿರಲಿಲ್ಲ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಯಾವಾಗಲೂ ಸ್ಕೇಲು. ಮೊದಲನೆಯ ದಿನವೇ ನಾನು ಅವರನ್ನು ಅಕ್ಕ ಎಂದೆ. ಅವರ ಗಂಡ ಭಾವನವರಾದರು. ಎರಡು ಮನೆಗಳ ನಡುವೆ ಎದೆಮಟ್ಟದ ಕಾಂಪೌಂಡು. ಬೆಳಗಿನ ಕೆಲಸ ಮುಗಿದ ಮೇಲೆ ಆ ಗೋಡೆಗೆ ಆಚೆಯಿಂದ ಅವರು, ಈಚೆಯಿಂದ ನಾನು ಆತುಕೊಂಡು ನಿಂತರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಗೊತ್ತಾಗುತ್ತಿರಲಿಲ್ಲ.

ವಿಮಾನ ಹಾರಿಸುವುದು ಭಾವನವರ ಕೆಲಸ, ದಾರಿ ಹಾಕುವುದು ಅಕ್ಕನ ಕೆಲಸ. ಇದನ್ನು ಅವರಿಬ್ಬರೂ ಮುಚ್ಚಿಡುತ್ತಿರಲಿಲ್ಲ. "ನಾನು ಬರೀ ಡ್ರೈವರ್ರಮ್ಮ, ದಾರಿ ಇವಳದು" ಎಂದು ಭಾವನವರು ನಗುತ್ತಿದ್ದರು. ಆಗ ಸಣ್ಣ ವಿಮಾನಗಳಿಗೆ ದಾರಿ ತೋರಿಸುವ ಯಂತ್ರಗಳೇನೂ ಇರಲಿಲ್ಲ. ಒಂದು ದಿಕ್ಸೂಚಿ, ಒಂದು ಗಡಿಯಾರ, ಕಣ್ಣು, ಅಷ್ಟೆ. ಹೆಚ್ಚಿನ ಪೈಲಟ್ಟುಗಳು ರೈಲು ಹಳಿ ಹಿಡಿದು ಹೋಗುತ್ತಿದ್ದರು. ಮಂಗಳೂರಿಗೆ ಹೋಗಬೇಕಾದರೆ ಹಳಿ ನೋಡಿಕೊಂಡು ಮೈಸೂರು, ಅಲ್ಲಿಂದ ರಸ್ತೆ ನೋಡಿಕೊಂಡು ಮಡಿಕೇರಿ, ಆಮೇಲೆ ಬೆಟ್ಟ ಇಳಿದು ಸಮುದ್ರ. ಎಲ್ಲರೂ ಹೋಗುವ ದಾರಿ, ಅದಕ್ಕೇ ಸುರಕ್ಷಿತ ದಾರಿ ಎಂದು ಹೆಸರು.

ಒಂದು ದಿನ ಅಕ್ಕ ನನ್ನನ್ನು ಮೇಜಿನ ಹತ್ತಿರ ಕರೆದರು. "ಇಲ್ನೋಡು, ಬೆಂಗಳೂರು ಎಲ್ಲಿದೆ? ಮಂಗಳೂರು ಎಲ್ಲಿದೆ? ಹೆಚ್ಚುಕಮ್ಮಿ ನೇರ ಪಶ್ಚಿಮ. ಅಂಥಾದ್ದರಲ್ಲಿ ಇವರೆಲ್ಲ ಕೆಳಗಡೆ ಮೈಸೂರಿಗೆ ಹೋಗಿ ಯಾಕೆ ಸುತ್ತಬೇಕು?"

"ನೇರ ಹೋದ್ರೆ ಬೇಗ ಹೋಗ್ಬೋದಾ ಅಕ್ಕ?"

"ಬೇಗ ಹೋಗೋದು ದೊಡ್ಡ ವಿಷಯ ಅಲ್ಲ ಕಣೆ. ಮಡಿಕೇರಿ ಮೇಲೆ ಹೋದ್ರೆ ಎಷ್ಟು ಹೊತ್ತು ಬೆಟ್ಟದ ಮೇಲೇ ಇರಬೇಕು ನೋಡು. ನೇರ ಹೋದ್ರೆ ಸಕಲೇಶಪುರದ ಆಚೆ ಒಂದು ಸಂದಿ ಇದೆ, ಎರಡು ಕಡೆ ಬೆಟ್ಟ, ನಡುವೆ ಕಣಿವೆ. ಅದನ್ನ ದಾಟಿದ್ರೆ ನೇತ್ರಾವತಿ ಕಾಣುತ್ತೆ. ನದಿ ಹಿಡ್ಕೊಂಡು ಹೋದ್ರೆ ಊರೇ ಬಂತು. ಭಯದ ಜಾಗ ಕಡಿಮೆ, ಅದಕ್ಕೆ ಈ ದಾರಿ."

ಆ ಗೆರೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಒಂದು ಚಳಿಗಾಲವೆಲ್ಲ ಅಕ್ಕ ಅದರ ಮೇಲೆ ಕೂತರು. ಗಾಳಿ ಯಾವ ತಿಂಗಳು ಯಾವ ಕಡೆಯಿಂದ, ಅದು ವಿಮಾನವನ್ನು ಎಷ್ಟು ಪಕ್ಕಕ್ಕೆ ತಳ್ಳುತ್ತದೆ, ಎಂಜಿನ್ ನಿಂತರೆ ಇಳಿಯಲು ಬಯಲು ಎಲ್ಲಿದೆ, ಕೆಳಗೆ ಏನು ಕಂಡರೆ ದಾರಿ ಸರಿಯಿದೆ ಎಂದು ತಿಳಿಯಬೇಕು. ಕುಣಿಗಲ್ ಕೆರೆ, ಚನ್ನರಾಯಪಟ್ಟಣದ ಕೆರೆ, ಎಡಗಡೆ ದೂರದಲ್ಲಿ ಬೆಳಗೊಳದ ಬೆಟ್ಟ, ಹಾಸನ, ಹೇಮಾವತಿ... ಗಾಳಿಯ ಲೆಕ್ಕವನ್ನು ನನಗೂ ಕಲಿಸಿದರು. ತ್ರಿಕೋನ ಬರೆದು ಉತ್ತರ ತೆಗೆಯುವುದು. ಸೊಪ್ಪು ಬಿಡಿಸುತ್ತ ಬಿಡಿಸುತ್ತ ನಾನು ಎಷ್ಟೋ ಲೆಕ್ಕ ಬಿಡಿಸಿದ್ದೇನೆ. ಎಸ್ಸೆಸ್ಸೆಲ್ಸಿಗೇ ನಿಲ್ಲಿಸಿದ ನನ್ನ ಓದು ಆ ಮೇಜಿನ ಮೇಲೆ ಮತ್ತೆ ಸ್ವಲ್ಪ ದೂರ ನಡೆಯಿತು.

ಬಾಡಿಗೆ ಮನೆಯ ಹೆಂಚು ನೋಡಲು ಬಂದ ಮಾವ ಒಮ್ಮೆ ಆ ನಕ್ಷೆಯನ್ನು ಕಂಡರು. ಮುಖ ಸಿಂಡರಿಸಿದರು. "ಏನವ್ವಾ, ಬ್ಯಾಸ್ಗೇಲಿ ಕೆರೆ ಬತ್ತೋಯ್ತದೆ. ಆಗ ಮ್ಯಾಲಿಂದ ನಿಮ್ಮನೆಯವ್ರಿಗೆ ಏನ್ ಕಾಣ್ತದೆ?"

"ನೀರು ಬತ್ತಿದ್ರೂ ಏರಿ ಎಲ್ಲಿ ಹೋಗುತ್ತೆ? ಏರಿ ಮೇಲೆ ಮರದ ಸಾಲು ಇರುತ್ತೆ. ನಾನು ನೀರು ಗುರುತು ಹಾಕಿಲ್ಲ ಗೌಡ್ರೇ, ಏರಿ ಗುರುತು ಹಾಕಿದ್ದೀನಿ."

ಮಾವ ಆಚೆ ಬಂದರು. ಗೇಟಿನ ಹತ್ತಿರ ನನಗೆ ಮಾತ್ರ ಕೇಳುವ ಹಾಗೆ, "ಈವಮ್ಮ ನೆಲ ನೋಡವ್ಳೆ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಆ ದಾರಿಗೆ ಅಕ್ಕ ಒಂದೇ ಒಂದು ಕಟ್ಟಳೆ ಹಾಕಿದ್ದರು. ಬೆಳಿಗ್ಗೆ ಏಳಕ್ಕೆ ನೆಲ ಬಿಡಬೇಕು. ಬೇಸಿಗೆಯಲ್ಲಿ, ಮಳೆಗಾಲದ ಹಿಂದುಮುಂದಿನ ತಿಂಗಳುಗಳಲ್ಲಿ, ಹೊತ್ತು ಏರಿದಂತೆ ಘಟ್ಟದ ನೆತ್ತಿಯ ಮೇಲೆ ಮೋಡ ಕಟ್ಟುತ್ತದೆ. ಬೆಂಗಳೂರಿನಲ್ಲಿ ಆಕಾಶ ತೊಳೆದಿಟ್ಟ ಹಾಗಿದ್ದರೂ ಅಲ್ಲಿ ಇರುವುದಿಲ್ಲ. ಏಳು ತಪ್ಪಿದರೆ ಅವತ್ತು ಹೋಗಬಾರದು. ಭಾವನವರು ಒಪ್ಪಿದ್ದರು, ಸಾಹುಕಾರರೂ ಒಪ್ಪಿದ್ದರು. ಒಂದು ವರ್ಷದ ಮೇಲೆ ಆ ದಾರಿಯಲ್ಲಿ ಓಡಾಟ ನಡೆಯಿತು. ಒಂದು ತೊಂದರೆಯಿಲ್ಲ. ಬೆಳಿಗ್ಗೆ ಇಲ್ಲಿ ಹೊರಟು ಮಂಗಳೂರಿನಲ್ಲಿ ತಿಂಡಿ ತಿಂದೆ ಎಂದು ಸಾಹುಕಾರರು ಹೇಳಿಕೊಳ್ಳುತ್ತಿದ್ದರಂತೆ.

ಏಪ್ರಿಲ್ ತಿಂಗಳ ಒಂದು ದಿನ ಭಾವನವರು ಎಂದಿನಂತೆ ಕತ್ತಲಲ್ಲೇ ಸ್ಕೂಟರ್ ಹತ್ತಿ ಊರಿನ ಉತ್ತರಕ್ಕಿದ್ದ ವಿಮಾನದ ಮೈದಾನಕ್ಕೆ ಹೋದರು. ಮಾರನೆಯ ದಿನ ಬರುವವರು. ಅಂದು ಸಂಜೆ ನಮಗಿಲ್ಲಿ ಒಂದು ಹನಿ ಮಳೆಯಿಲ್ಲ. ಮರುದಿನ ಮಧ್ಯಾಹ್ನ ಸಾಹುಕಾರರ ಮಿಲ್ಲಿನ ಕಾರು ಬಂದು ಗೇಟಿನ ಮುಂದೆ ನಿಂತಿತು. ಅಕ್ಕ ಕಾಂಪೌಂಡಿನ ಹತ್ತಿರ ನನ್ನ ಜೊತೆ ಮಾತಾಡುತ್ತಿದ್ದರು. ಕಾರಿನಿಂದ ಇಳಿದವರು ಗೇಟಿನಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದದ್ದು ನೋಡಿಯೇ ಅವರಿಗೆ ಗೊತ್ತಾಯಿತು. ಗೋಡೆಯ ಮೇಲಿದ್ದ ನನ್ನ ಕೈಯನ್ನು ಹಿಡಿದುಕೊಂಡರು... ಆ ಹಿಡಿತ ಇವತ್ತಿಗೂ ನನ್ನ ಮಣಿಕಟ್ಟಿನಲ್ಲಿದೆ.

ವಿಮಾನ ಸಕಲೇಶಪುರದಾಚೆಯ ಒಂದು ಬೆಟ್ಟಕ್ಕೆ ಬಡಿದಿತ್ತು. ಅದರಲ್ಲಿ ಭಾವನವರು ಒಬ್ಬರೇ ಇದ್ದರು.

ಅವರ ಊರಿನಲ್ಲಿ ಮಣ್ಣು ಮಾಡಿ ಅಕ್ಕ ವಾಪಸು ಬಂದ ಮೇಲೆ ಸಾಹುಕಾರರು ಮಾತಾಡಿಸಲು ಬಂದರು. ನಡುಮನೆಯ ತುಂಬ ಜನ. ಮಂಚದ ತುದಿಯಲ್ಲಿ ಕೂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಮೈಸೂರು, ಮಡಿಕೇರಿ ಮೇಲೆ ಹೋಗಿದ್ರೆ ಬದುಕ್ತಿದ್ದ. ಎಲ್ಲ ಪೈಲಟ್ಟುಗಳೂ ಹೋಗೋ ದಾರಿ ಬಿಟ್ಟ. ಮನೇಲಿ ಕೂತ್ಕೊಂಡು ಹೆಂಗಸು ಎಳೆದ ಗೆರೆ ನಂಬ್ಕೊಂಡ. ಏನ್ಮಾಡೋದು, ಹಣೆಬರಹ."

ಗೋಡೆಗೆ ಒರಗಿ ಕೂತಿದ್ದ ಅಕ್ಕ ತಲೆಯೆತ್ತಿದರು. "ಅವತ್ತು ಎಷ್ಟು ಹೊತ್ತಿಗೆ ಹೊರಟ್ರು?"

"ಬೆಳಿಗ್ಗೇನೇಮ್ಮ. ಯಾವಾಗ್ಲೂ ಹೊರಡೋ ಹೊತ್ತಿಗೇ."

ಆದರೆ ಅದಕ್ಕೆ ಎರಡು ದಿನ ಮೊದಲು ಮೈದಾನದ ಮಿಸ್ತ್ರಿಯೊಬ್ಬ, ವಿಮಾನದ ಎಂಜಿನ್ ನೋಡಿಕೊಳ್ಳುವವನು, ಭಾವನವರ ಸ್ಕೂಟರನ್ನೂ ಟಿಫಿನ್ ಕ್ಯಾರಿಯರನ್ನೂ ತಂದುಕೊಟ್ಟು ಹೋಗಿದ್ದ. ಕಣ್ಣೆತ್ತಿ ನೋಡದೆ, ಕೇಳಿದ್ದಕ್ಕೆ ಉತ್ತರ ಕೊಡದೆ ಹೋಗಿದ್ದ. ಜನ ಎಲ್ಲ ಹೋದ ಮೇಲೆ ಅಕ್ಕ ಆ ಕ್ಯಾರಿಯರನ್ನು ನನ್ನ ಮುಂದಿಟ್ಟರು. "ಮೇಲಿನ ಡಬ್ಬೀಲಿ ಬೆಳಗಿನ ಉಪ್ಪಿಟ್ಟು ಹಾಕಿದ್ದೆ. ಕೆಳಗಿನ ಎರಡರಲ್ಲಿ ಮಧ್ಯಾಹ್ನಕ್ಕೆ ಅಂತ ರೊಟ್ಟಿ, ಪಲ್ಯ, ಮೊಸರನ್ನ. ಬೆಳಿಗ್ಗೆ ಹೋಗಿದ್ರೆ ಮಧ್ಯಾಹ್ನದ ಊಟ ಜೊತೇಲೇ ಹೋಗಬೇಕಿತ್ತು. ಡಬ್ಬಿ ಇಲ್ಲೇ ಉಳಿದಿದೆ. ಮೂರೂ ಖಾಲಿ, ತೊಳೆದೂ ಇಟ್ಟಿದ್ದಾರೆ. ಇವರು ಮೈದಾನದಲ್ಲೇ ಊಟ ಮಾಡಿದ್ದಾರೆ ಕಣೇ. ಊಟ ಆದ ಮೇಲೆ ಹೊರಟಿದ್ದಾರೆ."

ಆಮೇಲೆ ಸ್ವಲ್ಪ ಸ್ವಲ್ಪವೇ ತಿಳಿಯಿತು. ಸಾಹುಕಾರರು ಬೆಳಿಗ್ಗೆ ಬರುತ್ತೇನೆಂದು ಹೇಳಿ ಬಂದಿರಲಿಲ್ಲ. ಕಾಯಿಸಿ ಕಾಯಿಸಿ ಮಧ್ಯಾಹ್ನ ಬಂದು, ನನಗೆ ಇವತ್ತು ಆಗುವುದಿಲ್ಲ, ರಾತ್ರಿ ಕಾರಿನಲ್ಲಿ ಬರುತ್ತೇನೆ, ನಾಳೆಗೆ ವಿಮಾನ ಅಲ್ಲಿರಬೇಕು, ನೀನು ಹೊರಡು ಎಂದಿದ್ದರು. ಭಾವನವರು ಏನೋ ಹೇಳಿರಬೇಕು. ಕೆಲಸ ಕೊಟ್ಟವರ ಮಾತನ್ನು ಎಷ್ಟು ದೂರ ತಳ್ಳಲಾಗುತ್ತದೆ... ಹೋದರು. ಕಂಡವರು ಮೈದಾನದಲ್ಲಿ ನಾಲ್ಕಾರು ಜನರಿದ್ದರು. ಸಾಹುಕಾರರ ವಿರುದ್ಧ ಎಲ್ಲರೆದುರು ಬಾಯಿ ಬಿಡುವವರು ಒಬ್ಬರೂ ಇರಲಿಲ್ಲ. ವಿಚಾರಣೆಯವರು ಬಂದರು, ಹೋದರು. ಊರಿನಲ್ಲಿ ಉಳಿದದ್ದು ಸಾಹುಕಾರರ ಮಾತು.

ಅದು ಹಬ್ಬಿದ ಬಗೆ ನೆನೆದರೆ ಈಗಲೂ ಮೈ ಉರಿಯುತ್ತದೆ. ನಲ್ಲಿಯ ಹತ್ತಿರ, ಹಾಲಿನ ಬೂತಿನ ಹತ್ತಿರ, ಬನಶಂಕರಿ ಗುಡಿಯ ಸಾಲಿನಲ್ಲಿ. 'ಗಂಡನಿಗೆ ಸಾವಿನ ದಾರಿ ಬರೆದುಕೊಟ್ಟವಳು.' ಅವರ ಅತ್ತೆಯ ಮನೆಯವರು ಬಂದು, ಊರಿಗೆ ಬಂದು ಮೂಲೆಯಲ್ಲಿ ಬಿದ್ದಿರು, ಆ ಕಾಗದಗಳನ್ನೆಲ್ಲ ಸುಡು ಎಂದರು. ಅಕ್ಕ ಅವರಿಗೆ ಊಟ ಬಡಿಸಿ ಬಸ್ಸು ಹತ್ತಿಸಿ ಬಂದರು. ಬೀದಿಯ ನಾಲ್ಕು ಜನ ಹಿರಿಯರು ನಮ್ಮ ಮಾವನ ಹತ್ತಿರ ಬಂದರು. ಒಂಟಿ ಹೆಂಗಸು, ಅಪಶಕುನ, ಮನೆ ಖಾಲಿ ಮಾಡಿಸಿ ಎಂದು.

ಮಾವ ಜಗುಲಿಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದರು. "ಸ್ವಾಮಿ, ಈ ನೆಲ ನಂದಾಗಿತ್ತು. ನೀವೆಲ್ಲ ಬಂದು ಮನೆ ಕಟ್ಕೊಂಡ್ರಿ, ನಾನೇನಾರ ಅಂದ್ನಾ? ಆವಮ್ಮ ಇಲ್ಲೇ ಇರ್ತಾಳೆ. ಇಷ್ಟ ಇಲ್ದೋರು ನಿಮ್ ನಿಮ್ ಮನೆ ಖಾಲಿ ಮಾಡ್ಕೊಂಡೋಗಿ" ಎಂದು ಉಗುಳಲು ಎದ್ದುಹೋದರು.

ಅಕ್ಕ ಹತ್ತಿರದ ಹುಡುಗಿಯರ ಶಾಲೆಯೊಂದರಲ್ಲಿ ಗಣಿತದ ಟೀಚರ್ ಆಗಿ ಸೇರಿಕೊಂಡರು. ಸಂಜೆ ನಕ್ಷೆಯ ಮೇಜಿನ ಮುಂದೆ ಕೂರುತ್ತಿದ್ದರು, ಗೆರೆ ಎಳೆಯುತ್ತಿರಲಿಲ್ಲ. ಎಳೆದದ್ದನ್ನೇ ಮೊದಲಿನಿಂದ ಮತ್ತೆ ಮತ್ತೆ ಲೆಕ್ಕ ಹಾಕುತ್ತಿದ್ದರು. ಒಂದು ದಿನ ಕೇಳಿಯೇಬಿಟ್ಟೆ. "ಏನು ಹುಡುಕ್ತಿದ್ದೀರ ಅಕ್ಕ?"

"ತಪ್ಪು" ಅಂದರು. "ನನ್ನದೇ ತಪ್ಪಿದ್ರೆ ನಾನೇ ಹೇಳಬೇಕಲ್ವಾ? ಆರು ತಿಂಗಳಿಂದ ಹುಡುಕ್ತಿದ್ದೀನಿ. ಇಲ್ಲ ಕಣೆ. ಇಲ್ಲ."

ದೀಪಾವಳಿ ಕಳೆದ ಹೊಸದರಲ್ಲಿ ಗೇಟಿನ ಮುಂದೆ ಒಬ್ಬ ಯುವಕ ಬಂದು ನಿಂತ. ಸಾಹುಕಾರರು ಬೇರೆ ವಿಮಾನ ಕೊಂಡಿದ್ದರು, ಇವನು ಅದರ ಹೊಸ ಪೈಲಟ್. ಅಕ್ಕ ಒಬ್ಬರೇ ಇರುವಾಗ ಒಳಗೆ ಬರಲು ಸಂಕೋಚಪಟ್ಟದ್ದರಿಂದ ನಾನೂ ಹೋಗಿ ಕೂತೆ. ಕಾಫಿ ಕುಡಿದು, ಲೋಟ ತಿರುಗಿಸುತ್ತ, ಕೊನೆಗೆ ಹೇಳಿದ: "ಮೇಡಂ, ಆ ನೇರ ರೂಟಿನ ಮ್ಯಾಪು ನಿಮ್ಮತ್ರ ಇದೆಯಂತೆ. ಸಾಹುಕಾರ್ರು ಇಸ್ಕೊಂಡು ಬಾ ಅಂದ್ರು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆ ಗೆರೆಯೇ ಪ್ರಾಣ ತೆಗೆಯಿತು ಎಂದು ಊರೆಲ್ಲ ಸಾರಿದ ಮನುಷ್ಯನಿಗೆ ಅದೇ ಗೆರೆ ಬೇಕಾಗಿತ್ತು, ಸದ್ದಿಲ್ಲದ ಹಾಗೆ. ಮಡಿಕೇರಿ ಸುತ್ತಿ ಹೋಗಲು ಹೊತ್ತು ಹಿಡಿಯುತ್ತಿತ್ತಲ್ಲ!

ಅಕ್ಕನಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಅವರು ನಕ್ಕರು. ಏಪ್ರಿಲ್ಲಿನ ನಂತರ ಅವರು ನಕ್ಕದ್ದು ಅದೇ ಮೊದಲು.

"ಮ್ಯಾಪು ಕೊಡಲ್ಲಪ್ಪ. ನಾನೇ ಬರ್ತೀನಿ. ನಿನ್ನ ಪಕ್ಕ ಕೂತು ದಾರಿ ಹೇಳ್ತೀನಿ. ಆದ್ರೆ ಸಾಹುಕಾರರೂ ಬರಬೇಕು. ಅವರು ಹಿಂದಿನ ಸೀಟಲ್ಲಿ ಕೂರಬೇಕು. ಅವರು ಯಾವುದನ್ನ ಸಾವಿನ ದಾರಿ ಅಂದ್ರೋ ಅದರ ಮೇಲೇ ಕರ್ಕೊಂಡು ಹೋಗ್ತೀನಿ. ಬರಲ್ಲ ಅಂದ್ರೆ, ಅವತ್ತು ಹೊರಟಿದ್ದು ಎಷ್ಟು ಹೊತ್ತಿಗೆ ಅಂತ ನಾಲ್ಕು ಜನರ ಮುಂದೆ ಹೇಳಲಿ. ಎರಡರಲ್ಲಿ ಒಂದು."

ಯುವಕ ಬೆವರುತ್ತ ಹೋದ. ವಾರ ಕಳೆದು ಉತ್ತರ ತಂದ. ಸಾಹುಕಾರರು ಬರುತ್ತಾರೆ. ಹೆಂಗಸೊಬ್ಬಳು ಕರೆದಾಗ ಹೆದರಿದರು ಎಂದು ಮೈದಾನದವರು ಆಡಿಕೊಳ್ಳಬಾರದಲ್ಲ!

ಗೊತ್ತಾದ ದಿನ ಕೋಳಿ ಕೂಗುವ ಮೊದಲೇ ಟ್ಯಾಕ್ಸಿ ಮಾಡಿಕೊಂಡು ಹೊರಟೆವು. ಅಕ್ಕ, ನಾನು, ನಮ್ಮ ಮಾವ. ಮಾವನನ್ನು ಯಾರೂ ಕರೆದಿರಲಿಲ್ಲ. ಪೇಟ ಸುತ್ತಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತಿದ್ದರು. "ಅಕ್ಕ, ಏನಾದ್ರೂ ಆದ್ರೆ?" ಎಂದೆ. "ಆಗಲ್ಲ. ಏಳಕ್ಕೆ ಹೊರಟ್ರೆ ಆಗಲ್ಲ" ಎಂದರು.

ಏಳು ಗಂಟೆಗೆ ವಿಮಾನ ಸಿದ್ಧವಾಗಿ ಹುಲ್ಲಿನ ಮೇಲೆ ನಿಂತಿತ್ತು. ಅಕ್ಕ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ನಕ್ಷೆ. ಟಿಫಿನ್ ಕ್ಯಾರಿಯರ್ ತಂದುಕೊಟ್ಟಿದ್ದ ಆ ಮಿಸ್ತ್ರಿ ಎಂಜಿನ್ ಒರೆಸುತ್ತಿದ್ದ. ಸಾಹುಕಾರರು ಬರಲಿಲ್ಲ. ಏಳೂವರೆ ಆಯಿತು, ಎಂಟಾಯಿತು. ಹ್ಯಾಂಗರಿನ ತಗಡು ಬಿಸಿಲಿಗೆ ಕಣ್ಣು ಕುಕ್ಕತೊಡಗಿದ ಎಷ್ಟೋ ಹೊತ್ತಿನ ಮೇಲೆ ಅವರ ಕಾರು ಬಂತು. ಬಿಳಿ ಕೋಟು, ಕೈಯಲ್ಲಿ ಕರ್ಚೀಫು.

"ಬನ್ನಿ ಬನ್ನಿ, ಹೊರಡೋಣ. ದಾರೀಲಿ ಯಾರೋ ಸಿಕ್ಕಿಬಿಟ್ರು."

ಅಕ್ಕ ನಕ್ಷೆ ಮಡಿಸಿಕೊಂಡು ವಿಮಾನದಿಂದ ಇಳಿದರು. "ಇವತ್ತು ಹೋಗಕ್ಕಾಗಲ್ಲ."

"ಯಾಕಮ್ಮಾ? ನೀವೇ ಕರೆದು ನೀವೇ ಹೆದರಿದ್ರಾ?"

"ಹೊತ್ತು ಮೀರಿದೆ. ನಾವು ಘಟ್ಟ ಮುಟ್ಟೋ ಹೊತ್ತಿಗೆ ಮೋಡ ಕಟ್ಟಿರುತ್ತೆ."

ಸಾಹುಕಾರರು ತಲೆಯೆತ್ತಿ ನೋಡಿದರು. ನಾವೆಲ್ಲರೂ ನೋಡಿದೆವು. "ಎಲ್ಲಿದೆ ಮೋಡ? ಒಂದು ಚೂರು ತೋರಿಸಿ."

"ಇಲ್ಲಿಲ್ಲ. ಅಲ್ಲಿರುತ್ತೆ."

"ಒಂದೆರಡು ಗಂಟೆ ಹೆಚ್ಚುಕಮ್ಮಿ ಆದ್ರೆ ಏನು ಮುಳುಗಿಹೋಗುತ್ತೆ? ಹತ್ತಿ ಹತ್ತಿ."

ಅಕ್ಕ ಎರಡು ಹೆಜ್ಜೆ ಮುಂದೆ ಬಂದು ಅವರ ಎದುರಿಗೇ ನಿಂತರು. ದನಿ ಏರಲಿಲ್ಲ. "ಅವತ್ತು ಇವರಿಗೂ ಇದೇ ಮಾತು ಹೇಳಿದ್ರಾ ಸಾಹುಕಾರ್ರೇ?"

ಸಾಹುಕಾರರ ಮುಖ ಕೆಂಪಾಯಿತು. "ಏನ್ ಮಾತಾಡ್ತಿದ್ದೀರ? ಅವನು ಬೆಳಿಗ್ಗೇನೇ..."

"ಇಲ್ಲ ಸಾರ್."

ಮಿಸ್ತ್ರಿ. ಕೈಯಲ್ಲಿದ್ದ ಎಣ್ಣೆ ಬಟ್ಟೆಯನ್ನು ಹಿಂಡುತ್ತಿದ್ದ. "ಬೆಳಿಗ್ಗೆ ಅಲ್ಲ ಸಾರ್. ಸಾಬ್ ನನ್ ಜೊತೇಲೇ ಕೂತ್ಕೊಂಡು ಊಟ ಮಾಡಿದ್ರು. ರೊಟ್ಟಿ ನನಗೂ ಕೊಟ್ರು. ಡಬ್ಬಿ ನಾನೇ ತೊಳೆದಿಟ್ಟೆ. ಅವರು ಬೇಡ, ಇವತ್ತು ಬೇಡ ಅಂತ ನಿಮಗೆ ಎರಡು ಸಲ ಹೇಳಿದ್ರು. ನೀವು ಇದೇ ಮಾತು ಹೇಳಿದ್ರಿ." ಆಮೇಲೆ ಅಕ್ಕನ ಕಡೆ ತಿರುಗಿ, "ಮಾಫ್ ಮಾಡೀಮ್ಮ. ಅವತ್ತೇ ಹೇಳ್ಬೇಕಿತ್ತು" ಎಂದ.

ಸಾಹುಕಾರರು ಹೊಸ ಪೈಲಟ್ಟನ ಕಡೆ ತಿರುಗಿದರು. "ನೀನು ಹತ್ತಯ್ಯ. ಆಯಮ್ಮ ಇಲ್ದೇನೇ ಹೋಗೋಣ."

ಯುವಕ ಅಲುಗಲಿಲ್ಲ. "ಇವತ್ತು ನಾನೂ ಹಾರಿಸಲ್ಲ ಸಾರ್" ಎಂದ.

ನನ್ನ ಮಾವ ಮುಂದೆ ಬಂದರು. ಪೇಟ ಸರಿಮಾಡಿಕೊಂಡು, "ನಾಳೆ ಏಳಕ್ಕೆ ಬತ್ತೀವಿ ಸಾಹುಕಾರ್ರೇ. ಗಂಡಸಾದ್ರೆ ನೀವೂ ಬನ್ನಿ" ಎಂದು ಹೇಳಿ ಟ್ಯಾಕ್ಸಿಯ ಕಡೆಗೆ ನಡೆದರು.

ವಾಪಸು ಬರುವಾಗ ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತರು. ಸದ್ದಿಲ್ಲದೆ, ಮಲ್ಲೇಶ್ವರದಿಂದ ಲಾಲ್‌ಬಾಗಿನವರೆಗೂ. ಅವತ್ತು ಅವರು ಮಾಡಿದ್ದೇನು ಎಂದು ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಹಾರಿ ತೋರಿಸುತ್ತೇನೆ ಎಂದು ಹೋದವರು ಹಾರುವುದಿಲ್ಲ ಎಂದು ಇಳಿದರು. ಭಾವನವರು ಹೇಳಿಯೂ ನಡೆಸಲಾಗದಿದ್ದ ಮಾತನ್ನು ಅವರ ಪರವಾಗಿ ನಡೆಸಿ ಬಂದರು.

ಮಾರನೆಯ ದಿನ ನಾವು ಹೋಗುವ ಹೊತ್ತಿಗೆ ಸಾಹುಕಾರರು ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದರು. ಯಾರನ್ನೂ ನೋಡಲಿಲ್ಲ. ಅವರನ್ನು ಅದಕ್ಕಾಗಿ ಮೆಚ್ಚಬೇಕೋ ಏನೋ... ನನಗೆ ಮೆಚ್ಚಲಾಗಲಿಲ್ಲ. ಏಳಕ್ಕೆ ವಿಮಾನ ನೆಲ ಬಿಟ್ಟಿತು. ಒಂದು ಸುತ್ತು ಬಂದು, ಪಶ್ಚಿಮಕ್ಕೆ ಮೂಗು ತಿರುಗಿಸಿ, ಗುಬ್ಬಿಯಷ್ಟಾಗಿ, ಸಾಸಿವೆಯಷ್ಟಾಗಿ, ಇಲ್ಲವಾಯಿತು. ಮಾವ ಬಹಳ ಹೊತ್ತು ಕಣ್ಣಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು. ಇಳಿಯಿತು ಎಂಬ ಸುದ್ದಿ ಟ್ರಂಕ್ ಕಾಲಿನಲ್ಲಿ ಬಂದಾಗ ಮಿಸ್ತ್ರಿ ಓಡಿ ಬಂದು ಹೇಳಿದ. ಇಡೀ ಮೈದಾನಕ್ಕೆ ಮಾವ ಚಹಾ ಕುಡಿಸಿದರು.

ಮೂರನೆಯ ದಿನ ಅಕ್ಕ ಬಸ್ಸಿನಲ್ಲಿ ವಾಪಸು ಬಂದರು. ಸಾಹುಕಾರರ ವಿಮಾನದಲ್ಲಿ ಬರಲು ಅವರಿಗೆ ಇಷ್ಟವಿರಲಿಲ್ಲ. ಸೆರಗಿನ ತುಂಬ ದೂಳು. ನಮ್ಮ ಜಗುಲಿಯ ಮೇಲೆ ಕೂತು ಮೊದಲು ಸಮುದ್ರದ ಮಾತಾಡಿದರು. "ಎಷ್ಟು ಉಪ್ಪು ಗೊತ್ತಾ? ನಾಲಿಗೆಗೆ ಹಚ್ಚಿ ನೋಡ್ದೆ." ನಕ್ಕರು. ನೀರು ಕುಡಿದರು. ಆಮೇಲೆ ತಾವಾಗಿಯೇ ಹೇಳಿದರು.

"ಕಂಡಿತು ಕಣೇ ಆ ಬೆಟ್ಟ. ನಮ್ಮ ಗೆರೆಯಿಂದ ಬಲಕ್ಕೆ, ಎಷ್ಟೋ ದೂರ. ಇವರು ಗೆರೆ ಮೇಲೆ ಹೋಗಿ ಬಿದ್ದಿದ್ದಲ್ಲ. ಎದುರಿಗೆ ಮೋಡ ಬಂದು, ಹಿಂದಕ್ಕೂ ಮೋಡ ಮುಚ್ಚಿ, ಪಕ್ಕಕ್ಕೆ ದಾರಿ ಹುಡುಕಿದ್ದಾರೆ..." ಲೋಟ ಕೆಳಗಿಟ್ಟರು. "ನಾನು ಹಿಂದಕ್ಕೆ ತಿರುಗಿ ಸಾಹುಕಾರ್ರಿಗೆ ತೋರಿಸ್ದೆ. ಅದೇ ನೋಡಿ ಅಂದೆ. ಅವರು ಕಣ್ಣು ಮುಚ್ಕೊಂಡ್ರು. ಕಣ್ಣು ಬಿಡೋವರೆಗೂ ನಾನು ಬೆರಳು ಇಳಿಸಲಿಲ್ಲ."

ಸಾಹುಕಾರರು ನಾಲ್ಕು ಜನರ ಮುಂದೆ ತಪ್ಪು ಒಪ್ಪಿಕೊಂಡರೇ ಎಂದು ಕೇಳಿದರೆ, ಇಲ್ಲ. ಸಂಕ್ರಾಂತಿಗೆ ಒಂದು ಬುಟ್ಟಿ ಹಣ್ಣು ಕಳಿಸಿದರು, ಜೊತೆಗೆ ಮಿಲ್ಲಿನಲ್ಲಿ ಕೆಲಸ ಕೊಡುತ್ತೇವೆಂಬ ಮಾತನ್ನೂ ಕಳಿಸಿದರು. ಅಕ್ಕ ಹಣ್ಣನ್ನು ತಂದ ಡ್ರೈವರನಿಗೇ ಕೊಟ್ಟು, "ಮಕ್ಕಳಿಗೆ ತಗೊಂಡು ಹೋಗಪ್ಪ. ಅವರು ಏನು ಹೇಳಬೇಕು ಅಂತ ಅವರಿಗೆ ಗೊತ್ತು, ಹಣ್ಣು ಬೇಡ ಅಂತ ಹೇಳು" ಎಂದರು. ಮಿಸ್ತ್ರಿಯ ಕೆಲಸ ಹೋಯಿತು. ಮಾವ ನಮ್ಮ ಕಡೆಯವರ ಗ್ಯಾರೇಜೊಂದರಲ್ಲಿ ಅವನಿಗೆ ಜಾಗ ಮಾಡಿಸಿದರು. ಆ ಯುವ ಪೈಲಟ್ ಸಾಹುಕಾರರನ್ನು ಬಿ‌ಟ್ಟು ಒಬ್ಬ ಕಾಫಿ ತೋಟದವರ ವಿಮಾನಕ್ಕೆ ಸೇರಿದ, ಭಾನುವಾರ ನಕ್ಷೆ ಸುತ್ತಿಕೊಂಡು ಅಕ್ಕನ ಮನೆಗೆ ಬರತೊಡಗಿದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಕೊಯಮತ್ತೂರಿಗೆ, ಬಳ್ಳಾರಿಗೆ, ಹುಬ್ಬಳ್ಳಿಗೆ ನೇರ ದಾರಿ ಬೇಕೆಂದು ಬರುವವರು. ಸಾವಿನ ದಾರಿ ಬರೆದವಳು ಎಂದ ಬೀದಿಯಲ್ಲೇ ಸ್ಕೂಟರುಗಳು ಸಾಲಾಗಿ ನಿಲ್ಲುತ್ತಿದ್ದವು. ಯಾರು ಬಂದರೂ ಅಕ್ಕ ಮೊದಲು ಕೇಳುತ್ತಿದ್ದದ್ದು ಒಂದೇ: "ನಿಮ್ಮ ಯಜಮಾನರಿಗೆ ಇಲ್ಲ ಅನ್ನೋ ಧೈರ್ಯ ಇದೆಯಾ? ಇದ್ರೆ ಕೂತ್ಕೋ."

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅವರ ಊರಿನ ಕಡೆಯ ಶಾಲೆಯೊಂದರಲ್ಲಿ ಹೆಡ್‌ಮಿಸ್ಟ್ರೆಸ್ ಕೆಲಸ ಸಿಕ್ಕಿತು. ಹೊರಡುವ ದಿನ ನಾವಿಬ್ಬರೂ ಕಾಂಪೌಂಡಿನ ಎರಡು ಕಡೆ ನಿಂತಿದ್ದೆವು. ವರ್ಷಕ್ಕೊಮ್ಮೆ ಬರುತ್ತಿದ್ದರು. ಮಾವ ತೀರಿಕೊಂಡಾಗ ಬಂದು ಮೂರು ದಿನ ಇದ್ದರು. ಆಮೇಲೆ ಮಕ್ಕಳು, ಮನೆ, ಕಾಯಿಲೆ ಎಂದು ನಡುವೆ ವರ್ಷಗಳು ಜಾರಿದವು... ಅವರು ಹೋದ ಸುದ್ದಿ ನನಗೆ ತಲುಪಿದಾಗ ಮಣ್ಣು ಮಾಡಿ ತಿಂಗಳಾಗಿತ್ತು.

ಹೋದ ವರ್ಷ ಜೆ.ಪಿ. ನಗರದ ಛತ್ರವೊಂದರಲ್ಲಿ ಮದುವೆಯ ಊಟಕ್ಕೆ ಕೂತಿದ್ದೆ. ಎದುರಿನ ಸಾಲಿನಲ್ಲಿ ನಾಲ್ಕೈದು ಜನ ನಿವೃತ್ತರು ಹಳೆಯ ಬೆಂಗಳೂರಿನ ಮಾತಾಡುತ್ತಿದ್ದರು. ಆ ಸಾಹುಕಾರರ ಮಾತು ಬಂತು. ಸ್ವಂತ ವಿಮಾನ ಇಟ್ಟಿದ್ದರಂತೆ, ಎಂಥಾ ಕಾಲ ಎಂದರು. ಅವರ ಪೈಕಿ ಒಬ್ಬರು, ಸಾಹುಕಾರರ ಬಂಧುವಂತೆ, ಹೋಳಿಗೆ ಮುರಿಯುತ್ತ ಹೇಳಿದರು: "ಒಂದು ವಿಮಾನ ಬಿದ್ದೂ ಹೋಯ್ತು. ಪಾಪ, ಪೈಲಟ್ ಹೆಂಡತಿ ಏನೋ ಶಾರ್ಟ್‌ಕಟ್ ಹಾಕಿಕೊಟ್ಟಿದ್ಲಂತೆ."

ನನ್ನ ಕೈ ಎಲೆಯ ಮೇಲೆಯೇ ನಿಂತಿತು. ಮಂಡಿ ನೋವಿನಲ್ಲಿ ಎದ್ದು ನಿಲ್ಲುವುದು ಈಗ ನನಗೆ ಸುಲಭವಲ್ಲ. ಮೊಮ್ಮಗ "ಏನಾಯ್ತಜ್ಜಿ?" ಎಂದು ಕೈ ಹಿಡಿಯಲು ಬಂದ. ಮೇಜು ಹಿಡಿದುಕೊಂಡು ಎದ್ದೆ.

"ಏನಂದ್ರಿ? ಇನ್ನೊಂದ್ಸಲ ಹೇಳಿ."

ಅವರು ಬೆಚ್ಚಿ ನೋಡಿದರು. ನಾನು ಹೇಳಿದೆ. ಇಲ್ಲಿ ಬರೆದದ್ದನ್ನೆಲ್ಲ, ಮೊದಲಿನಿಂದ ಕೊನೆಯವರೆಗೆ, ಬಡಿಸುವವರು ಸಾರಿನ ಬಕೆಟ್ಟು ಹಿಡಿದು ನಿಂತು ಕೇಳುವ ಹಾಗೆ ಹೇಳಿದೆ. ಅವರು ಕೊನೆಗೆ, "ಹೋಗ್ಲಿ ಬಿಡಿ ಅಮ್ಮಾ, ಎಷ್ಟು ವರ್ಷ ಆಯ್ತು. ಈಗ್ಯಾಕೆ?" ಎಂದರು.

"ನೀವು ಬಿಟ್ಟಿದ್ದೀರಾ? ಇಷ್ಟು ವರ್ಷ ಆದ್ಮೇಲೂ ಆ ಸುಳ್ಳು ಹೇಳ್ತಾನೇ ಇದ್ದೀರಲ್ಲ. ನಾನ್ಯಾಕೆ ಬಿಡಲಿ?"

ಅವರು ಎಲೆ ಮಡಿಸಿದರು. ನಾನು ಕೂತು ನನ್ನ ಊಟ ಪೂರ್ತಿ ಮುಗಿಸಿದೆ. ಪಾಯಸವನ್ನೂ ಎರಡನೆಯ ಸಲ ಹಾಕಿಸಿಕೊಂಡೆ.

ಮನೆಗೆ ಬಂದರೆ ಒಂದು ಕಡೆ ಕೂರಲಾಗಲಿಲ್ಲ. ಮೈಯಲ್ಲಿ ಇಪ್ಪತ್ತರ ಬಿಸಿ. ಯಾರಿಗಾದರೂ ಹೇಳಬೇಕು. ಹೀಗೆ ಅಂದೆ, ಅವರ ಮುಖ ಹೀಗಾಯಿತು, ಎಲೆ ಹೀಗೆ ಮಡಿಸಿದರು ಎಂದು ಹೇಳಿ ಹೊಟ್ಟೆ ಹಿಡಿದುಕೊಂಡು ನಗಬೇಕು. ಮೊಮ್ಮಕ್ಕಳಿಗೆ ಹೇಳಿದೆ, ಕೇಳಿದರು, ಮಲಗಿ ಅಜ್ಜಿ, ಬಿ.ಪಿ. ಏರುತ್ತದೆ ಎಂದರು. ಅವರ ಮೇಲೆ ನನಗೆ ಬೇಸರವಿಲ್ಲ. ಅದನ್ನು ಕೇಳಿ ನಗಬೇಕಾಗಿದ್ದವರು ಒಬ್ಬರೇ ಇದ್ದರು. ಅವರಿಲ್ಲ.